ಎರಡನೇ ಭಾಗದ ಅಕ್ಕೋರು

ನಾನು ಶಾಲೆ ಬಿಟ್ಟದ್ದು ೧೯೯೪ರಲ್ಲಿ, ಏಳನೇ ಇಯತ್ತೆಯ ನಡುವಿನಲ್ಲಿ. ಮುಂದೆ ಪುಸ್ತಕದ ಮಾತು ಬರುತ್ತದೆ. ಇವನಿಗೆ ಪುಸ್ತಕದ ಉಸಾಬರಿ ಯಾಕೆ ಎಂದು ಬೇರೆಯವರು ಕೇಳುವ ಮೊದಲು ನಾನೇ ಹೇಳಿಬಿಟ್ಟರೆ ಚೊಲೋ ಎಂದು ಇದನ್ನು ಮೊದಲು ಬರೆದೆ.

ಅಕ್ಕೋರನ್ನು ನಾನು ಮೊದಲು ಕಂಡಾಗ ಅವರು ಸಿರ್ಸಿಯ ನನ್ನ ಅಂಗಡಿಯೊಳಗೆ ಮೊಣಕಾಲೂರಿ ಕೂತು, ಹೊಸ ಗಾದಿಯೊಂದರ ಮೇಲೆ ಕಿವಿ ಒತ್ತಿ ಹಿಡಿದಿದ್ದರು. ಕನ್ನಡಕ ಕೊರಳಿನ ದಾರದಲ್ಲಿ ನೇತಾಡುತ್ತಿತ್ತು. ಬಿಳೀ ತುರುಬಿಗೆ ಹತ್ತಿಯ ಎಳೆ ಅಂಟಿಕೊಂಡು, ಯಾವುದು ಕೂದಲು ಯಾವುದು ಹತ್ತಿ ತಿಳಿಯುವಂತಿರಲಿಲ್ಲ. ಚಹಾ ಕುಡಿದು ಬಂದ ನಾನು ಬಾಗಿಲಲ್ಲೇ ನಿಂತೆ.

"ಏನ್ ಹುಡುಕಾಕತ್ತೀರ್ರಿ?"

"ಶ್!" ಎಂದರು. ಗಾದಿಯ ಇನ್ನೊಂದು ಮಗ್ಗುಲಿಗೆ ಸರಿದು ಅಲ್ಲೂ ಕಿವಿ ಇಟ್ಟರು. "ಎಂತದೂ ಇಲ್ಲೆ, ಒಂದು ಸದ್ದೂ ಇಲ್ಲ. ಇದ್ರ ಮೇಲೆ ಇನ್ನೂ ಯಾರೂ ಮಲಗಲಿಲ್ಲ ಅಲ್ದಾ ತಮಾ?"

"ಹೊಸಾ ಗಾದಿ ಐತ್ರಿ. ಮಂದಿ ಮಲಗೆದ್ದಿದ್ದು ಮಾರಾಕ ನಾ ಏನ್ ಲಾಡ್ಜ್ ಇಟ್ಟೇನೇನ್ರಿ?"

"ಮಲಗೆದ್ದದ್ದೇ ಬೇಕಿತ್ತು. ಜನ ಹಳೇ ಗಾದಿ ತಂದು ಕೊಡ್ತಾರಲ್ಲ, ನೀನು ಬಿಚ್ಚಿ ಹತ್ತಿ ಹಿಂಜಿ ಮತ್ತೆ ತುಂಬ್ತೆ. ಬಿಚ್ಚುವಾಗ ಅದ್ರೊಳಗಿನ ಕನಸು ಎಲ್ಲಿಗೆ ಹೋಗ್ತದೆ?"

ಅವರು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಪ್ರಶ್ನೆ ಕೇಳಿ, ಉತ್ತರ ಬರುವ ತನಕ ನಮ್ಮ ಮುಖದಿಂದ ಕಣ್ಣು ತೆಗೆಯದ ಹೆಂಗಸು ಶಾಲೆಯಲ್ಲಿ ಕಲಿಸಿದವರೇ ಆಗಿರಬೇಕು. ನಮ್ಮ ಜಿಲ್ಲೆಯಲ್ಲಿ ಅಂಥವರೆಲ್ಲ ಅಕ್ಕೋರು.

"ಅಕ್ಕೋರ, ನಾ ಹತ್ತಿ ಹಿಂಜಾಂವ. ಕನಸು ಹಿಂಜಾಂವ ಅಲ್ಲ" ಎಂದೆ, ತುಸು ಬಿಗಿಯಾಗಿಯೇ.

ಅವರಿಗೆ ಸಿಟ್ಟು ಬರಲಿಲ್ಲ. ಮುಖ ಅರಳಿತು. ನನ್ನ ಮಾತನ್ನೇ ನನ್ನ ಧಾಟಿಯಲ್ಲೇ ಮೂರು ಸಲ ಹೇಳಿಕೊಂಡರು. ಅದು ಅವರ ರೂಢಿ. ಕೇಳಿದ್ದನ್ನು ಎದುರಿಗೇ ಬರೆದುಕೊಳ್ಳುತ್ತಿರಲಿಲ್ಲ. "ಪೆನ್ನು ತೆಗೆದ್ರೆ ಹೇಳುವವರ ಬಾಯಿ ಕಟ್ತದೆ" ಎನ್ನುತ್ತಿದ್ದರು. ಮೂರು ಸಲ ಬಾಯಲ್ಲಿ ಆಡಿಸಿದರೆ ಅದು ಅವರದಾಯಿತು. ಆಮೇಲೆ ಛತ್ರಿ ಎತ್ತಿಕೊಂಡು ಹೋದರು. ಗಾದಿ ಕೊಳ್ಳಲಿಲ್ಲ.

ಆ ದಿನ ಸಂಜೆ ಮನೆಯಲ್ಲಿ ಇದನ್ನು ಹಾಸ್ಯ ಮಾಡಿ ಹೇಳಿದೆ. ಒಂಬತ್ತನೇ ಇಯತ್ತೆಯ ಮಗಳು ತಟ್ಟೆಯ ಮುಂದಿನಿಂದ ಎದ್ದೇಬಿಟ್ಟಳು.

"ಅಪ್ಪಾ! ದಾರ ಕಟ್ಟಿದ ಕನ್ನಡಕನಾ? ಮೂರು ಮೂರು ಸಲ ಹೇಳ್ತಿದ್ರಾ? ಅವ್ರು ನಮ್ ಶಾಲೆಗೆ ಬಂದಿದ್ರು! ಆ ಪುಸ್ತಕ ಬರೆದವ್ರು ಅವ್ರೇ! ಎರಡನೇ ಭಾಗ ಯಾವಾಗ ಅಂತ ನೀನು ಕೇಳ್ಲೇ ಇಲ್ವಾ?"

"ಮೊದಲನೇದು ಯಾವದಂತ ಗೊತ್ತಿದ್ರ ಅಲ್ಲೇನಽ ಎರಡನೇದು ಕೇಳೂದು?"

ಅವಳು ಶಾಲೆಯ ಕಪಾಟಿನಿಂದ ತಂದ ಪುಸ್ತಕವನ್ನು ನನ್ನ ಮುಂದಿಟ್ಟಳು. ಶಾಲೆ ಬಿಟ್ಟ ಮೇಲೆ ನಾನು ಓದಿದ ಮೊದಲ ಪುಸ್ತಕ ಅದು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಗಾದಿಗಳ ಅಟ್ಟಿಗೆ ಒರಗಿ, ಬೆರಳಿಟ್ಟು ಓದಿದೆ. ಮಕ್ಕಳ ಪುಸ್ತಕ ಎಂದರು, ನನಗೇನೂ ಹಾಗೆ ಕಾಣಲಿಲ್ಲ.

ಕತೆ ಇಷ್ಟು. ಘಟ್ಟದ ಬುಡದ ಊರಿನ ಒಬ್ಬಳು ಹುಡುಗಿ. ಕನಸಿನಲ್ಲಿ ಕಂಡದ್ದನ್ನು ಮುಷ್ಟಿಯಲ್ಲಿ ಹಿಡಿದು ಎಚ್ಚರಕ್ಕೆ ತರಬಲ್ಲಳು. ಹಾಗೆ ತಂದದ್ದರಲ್ಲೆಲ್ಲ ಒಂದು ಮಾಯೆ. ಒಂದು ಗರಿ ತಂದಳು, ಅದು ಮಳೆ ನಿಲ್ಲಿಸಿತು. ಒಂದು ಹರಳು ತಂದಳು, ಅದನ್ನು ಮುಟ್ಟಿದವರ ನಾಲಿಗೆಯಲ್ಲಿ ಸುಳ್ಳು ಹೊರಡಲಿಲ್ಲ. ಆದರೆ ಯಾವ ಕನಸಿನಿಂದ ಏನನ್ನಾದರೂ ತಂದಳೋ ಆ ಕನಸು ಅವಳಿಗೆ ಮತ್ತೆ ಬೀಳುವುದಿಲ್ಲ. ಕೊನೆಗೆ ಕಳೆದುಹೋದ ಅಣ್ಣನನ್ನು ಹುಡುಕುತ್ತ ಇದ್ದಬದ್ದ ಕನಸನ್ನೆಲ್ಲ ಮುಗಿಸಿಕೊಳ್ಳುತ್ತಾಳೆ. ಅಣ್ಣ ಸಿಗುತ್ತಾನೆ, ಕಟ್ಟಕಡೆಯ ಕನಸಿನ ಒಳಗೆ. ಕೈ ಹಿಡಿಯುತ್ತಾಳೆ. ಎಚ್ಚರವಾಗುತ್ತದೆ. ಮುಷ್ಟಿ ಬರಿದು. ಅಣ್ಣ ಒಳಗೇ ಉಳಿದ. ಪುಸ್ತಕ ಮುಗಿಯಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಂದಿನ ವಾರ ಅವರು ಅಂಗಡಿ ಹತ್ತಿದ ಕೂಡಲೇ ಕೇಳಿದೆ. "ಏನ್ರೀ ಅಕ್ಕೋರ, ಆ ಹುಡುಗನ್ನ ಒಳಗ ಬಿಟ್ಟು ಪುಸ್ತಕ ಮುಗಸ್ತಾರೇನ್ರಿ? ನಾ ಮೂರು ಮಗ್ಗಲಾ ಹೊಲದು ನಾಕನೇದು ಹಂಗಽ ಬಿಟ್ಟು ಗಾದಿ ಕೊಟ್ರ ನೀವು ಸುಮ್ನಿರ್ತೀರೇನು?"

ಅವರು ಸ್ಟೂಲಿನ ಮೇಲೆ ಕೂತು ನಕ್ಕರು, ಕಣ್ಣೀರು ಬರುವಷ್ಟು. "ನಾಕನೇ ಮಗ್ಗುಲು ಎರಡನೇ ಭಾಗದಲ್ಲಿ ತಮಾ."

"ಹೊಲೀರಿ ಮತ್ತ."

"ದಾರನೇ ಇಲ್ಲೆ" ಎಂದರು. ಈಗ ನಗುತ್ತಿರಲಿಲ್ಲ.

ಸಂಗತಿ ಆಗ ತಿಳಿಯಿತು. ಮೊದಲ ಭಾಗದ ಕನಸುಗಳೆಲ್ಲ ಅವರದೇ. ಚಿಕ್ಕಂದಿನಿಂದ ಬಿದ್ದವು. ಅವರಿಗೊಂದು ನೇಮವಿತ್ತು: "ಕತೆ ಕಟ್ಟಬಹುದು, ಕನಸು ಕಟ್ಟಬಾರದು. ಕಟ್ಟಿದ ಕನಸು ಮಕ್ಕಳಿಗೆ ಓದಿದ ಕೂಡಲೆ ಗೊತ್ತಾಗ್ತದೆ." ಆದರೆ ಎದೆಯ ಬೇನೆ ಸುರುವಾಗಿ, ಡಾಕ್ಟರು ಗುಳಿಗೆ ಕೊಟ್ಟ ಮೇಲೆ ಅವರಿಗೆ ಕನಸೇ ನಿಂತುಹೋಗಿತ್ತು. "ಬಾವಿಗೆ ಕಲ್ಲು ಹಾಕಿದ ಹಾಂಗೆ ನಿದ್ದೆ. ಬೆಳಗಾದ್ರೆ ಮೇಲೆ ಬಂದೆ, ಅಷ್ಟೇ. ನನ್ನ ಪುಸ್ತಕದ ಹುಡುಗಿಗೆ ಎಂತ ಆಯ್ತೋ ನನಗೂ ಅದೇ ಆಯ್ತು." ಗುಳಿಗೆ ಬಿಡುವ ಹಾಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳು ಸುತ್ತುಗಟ್ಟಿ "ಅಣ್ಣ ಹೊರಗೆ ಬಂದ್ನಾ ಅಕ್ಕೋರೆ?" ಎಂದು ಕೇಳುವುದನ್ನೂ ಬಿಡುತ್ತಿರಲಿಲ್ಲ. "ನನ್ನ ಹತ್ರ ರಾಶಿ ದಿನ ಇಲ್ಲೆ. ಅವನನ್ನ ಒಳಗೇ ಬಿಟ್ಟು ನಾನು ಹೋಪಂಗಿಲ್ಲೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹೋಪಂಗಿಲ್ಲೆ ಅಂದರೆ ಹೋಗುವ ಹಾಗಿಲ್ಲ. ಮನೆಮಾತು ಹೀಗೆ ಪೂರ್ತಿ ಅವರ ಬಾಯಿಗೆ ಬಂದರೆ ಮನಸ್ಸಿಗೆ ನೋವಾಗಿದೆ ಎಂದು ನಾನು ಆಮೇಲೆ ತಿಳಿದುಕೊಂಡೆ.

ಹಾಗಾಗಿ ಅವರು ಊರಿನ ಕನಸುಗಳನ್ನು ಕೂಡಿಸುತ್ತಿದ್ದರು. ಬೆಳಗಿನ ಬಸ್ಸಿಗೇ ಹೊರಡುವುದು. ಮಧ್ಯಾಹ್ನದ ಊಟವಾದ ಮೇಲೆ ಕನಸು ಯಾರಿಗೂ ನೆನಪಿರುವುದಿಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಅರಬೈಲ್ ಘಟ್ಟದ ಚಹಾದಂಗಡಿಯವನಿಗೆ ಡ್ರೈವರ್ ಇಲ್ಲದ ಲಾರಿಗಳು ಸಾಲಾಗಿ ಘಟ್ಟ ಹತ್ತಿ ಬಂದು, ಒಂದೊಂದೂ ನಿಂತು ಚಹಾ ಕೇಳುತ್ತಿದ್ದವಂತೆ. ಸಿದ್ದಾಪುರದ ಬಸ್ಸಿನ ಕಂಡಕ್ಟರನಿಗೆ ಎಲ್ಲರೂ ಇಳಿದುಹೋದ ಬಸ್ಸಿನಲ್ಲಿ ತನಗೆ ತಾನೇ ಟಿಕೆಟ್ ಹರಿದುಕೊಡುವ ಕನಸು. ಬನವಾಸಿಯಲ್ಲಿ ಅನಾನಸು ಬೆಳೆಯುವ ಒಬ್ಬ ಹೆಂಗಸಿಗೆ ಹಣ್ಣಿನ ಕಣ್ಣುಗಳೆಲ್ಲ ಒಮ್ಮೆಗೇ ತೆರೆದು "ಯಾವಾಗ ಕೊಯ್ತೀ?" ಎಂದು ಕೇಳಿದವಂತೆ. ಇದನ್ನೆಲ್ಲ ಅಕ್ಕೋರು ಹೇಳುವಾಗ ನಾನು ದಬ್ಬಣ ನಿಲ್ಲಿಸಿ ಬಾಯಿ ಬಿಟ್ಟು ಕೇಳುತ್ತಿದ್ದೆ. ದಿನಾ ಕಾಣುವ ಜನರೊಳಗೆ ಇಷ್ಟೆಲ್ಲ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಆದ್ರೆ ಇದೆಲ್ಲ ಹುಡುಗಿ ಒಳಗೆ ಹೋಗೂದಕ್ಕೆ ಆಗೂ ಕನಸೇ" ಎನ್ನುತ್ತಿದ್ದರು. "ನನಗೆ ಬಾಗಿಲಲ್ಲಿ ಸಿಕ್ಕಿಬಿದ್ದವನ ಕನಸು ಬೇಕು. ಆ ಅಣ್ಣ ಯಾಕೆ ಹೊರಗೆ ಬರ್ತಾ ಇಲ್ಲ ಅಂತ ನನಗೇ ಗೊತ್ತಿಲ್ಲ. ಅದು ಗೊತ್ತಾಗದೆ ಒಂದು ಪುಟ ಮುಂದೆ ಹೋಗೂದಿಲ್ಲ. ನಿನಗೆ ಎಂತದೂ ಬೀಳೂದಿಲ್ವಾ ತಮಾ?"

"ಇಲ್ರಿ. ದುಡಿಯೋ ಮನಶ್ಯಾಗ ಎಲ್ಲೀ ಕನಸು?"

ನನಗೆ ಬೀಳುತ್ತಿತ್ತು. ಒಂದೇ ಕನಸು, ಶಾಲೆ ಬಿಟ್ಟಾಗಿನಿಂದ. ಅದು ಬಾಗಿಲಿನದೇ. ಆದರೆ ನಮ್ಮ ಮನೆಯ ಪದ್ಧತಿ ಬೇರೆ. ಒಳ್ಳೆಯ ಕನಸು ಬಿದ್ದರೆ ಯಾರಿಗೂ ಹೇಳಬಾರದು. ಕೆಟ್ಟದ್ದು ಬಿದ್ದರೆ ಹರಿಯುವ ನೀರಿಗೆ ಹೇಳಿ, ತಿರುಗಿ ನೋಡದೆ ಬರಬೇಕು. ಮನುಷ್ಯರಿಗೆ ಹೇಳಿದರೆ ಅದು ಕೇಳಿದವರನ್ನು ಹಿಡಿಯುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದೆ ನೀರಿಗೂ ಹೇಳದೆ ಇಟ್ಟುಕೊಂಡಿದ್ದೆ. ಎದೆಬೇನೆಯ ಹೆಂಗಸಿಗೆ ಹೇಳಿ, ಅವರಿಗೆ ಏನಾದರೂ ಆದರೆ? ಇನ್ನೊಂದು ಮಾತೂ ಇತ್ತು. ಸಿರ್ಸಿ ಪೇಟೆಯಲ್ಲಿ ನನ್ನ ಹೊಲಿಗೆ ಬಿಚ್ಚಿತು ಎನ್ನುವವರು ಯಾರಾದರೂ ಇದ್ದರೆ ತೋರಿಸಿ. ಅಂಥವನು ಶಾಲೆಯ ಕನಸು ಕಾಣುತ್ತಾನೆ ಎಂದು ಹೊರಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

ಹೇಳುವ ಬದಲು ಗಾದಿ ಮಾಡಿಕೊಡುತ್ತೇನೆಂದೆ. ಚಿಕ್ಕಂದಿನಲ್ಲಿ ಅವರು ಮಲಗಿದ್ದು ಬೂರುಗದ ಹತ್ತಿಯ ಗಾದಿಯ ಮೇಲಂತೆ. ಮರದ ಆ ಹತ್ತಿ ರೇಷ್ಮೆಯಂತೆ ಜಾರುತ್ತದೆ, ಮಶೀನಿಗೆ ಹಾಕಿದರೆ ಹಾರಿಹೋಗುತ್ತದೆ. ಶಾಲೆ ಬಿಟ್ಟು ಸೋದರಮಾವನ ಅಂಗಡಿಗೆ ನಾನು ಸೇರಿದಾಗ ಅಲ್ಲಿದ್ದ ಉಸ್ತಾದರು ಕಲಿಸಿದ, ಹತ್ತಿ ಹಿಂಜುವ ಆಳುದ್ದದ ಬಿಲ್ಲನ್ನು ಗೋಡೆಗೆ ತೂಗುಹಾಕಿದ್ದೆ. ಅದನ್ನು ಇಳಿಸಿ, ತಂತಿ ಕಟ್ಟಿ, ಕೈಯಿಂದಲೇ ಹಿಂಜಿದೆ. ಅಕ್ಕೋರು ಮೂಗಿಗೆ ಸೆರಗು ಹಿಡಿದು ಪಕ್ಕದಲ್ಲೇ ಕೂತರು. ತಂತಿ ಟಂಯ್ ಎಂದ ಸಲಕ್ಕೊಮ್ಮೆ ತಲೆ ಅಲ್ಲಾಡಿಸುತ್ತಿದ್ದರು. "ಬಿಲ್ಲು ಇಷ್ಟುದ್ದ ಯಾಕೆ? ಹೆಗಲ ಮೇಲೆ ಹೊತ್ತು ಓಣಿಯಲ್ಲಿ ಹೋದ್ರೆ ಜನರಿಗೆ ತಾಗೂದಿಲ್ವಾ?" ಎಂದು ಕೇಳಿದರು. ನಾನು ತಂತಿಯನ್ನು ಇನ್ನಷ್ಟು ಜೋರಾಗಿ ಮೀಟಿದೆ. ಅವರು ಉತ್ತರ ಬರುವ ತನಕ ನೋಡುವವರು, ನೋಡುತ್ತಲೇ ಇದ್ದರು.

ಗಾದಿಯಿಂದ ಕನಸು ಬರಲಿಲ್ಲ. "ನಿದ್ದೆ ರಾಶಿ ಚೊಲೋ ಬಂತು. ಬೆನ್ನುನೋವು ಹೋಯ್ತು. ಮತ್ತೆಂತ ಇಲ್ಲೆ. ನಿನ್ನ ಗಾದಿಗೆ ದೋಷ ಇಲ್ಲೆ" ಎಂದರು. ಆ ಸಮಾಧಾನವೇ ನನ್ನನ್ನು ಚುಚ್ಚಿತು. ನಾನು ಮಾಡಿದ್ದು ಕೆಲಸಕ್ಕೆ ಬಾರದೆ ಹೋದದ್ದು ಅದೇ ಮೊದಲು.

ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ ಭೈರುಂಬೆಯ ಕಡೆಯ ಒಂದು ಮದುವೆಮನೆಗೆ ಗಾದಿ ಮುಟ್ಟಿಸುವುದಿತ್ತು. ಅಕ್ಕೋರು ಕಲಿಸಿದ ಶಾಲೆ ಆ ದಾರಿಯಲ್ಲೇ. "ನಾನೂ ಬರ್ತೆ" ಎಂದು ಲಗೇಜ್ ರಿಕ್ಷಾದಲ್ಲಿ ನನ್ನ ಪಕ್ಕ ಕೂತರು. ಆ ವಾರ ಅವರ ಮುಖ ಬಾಡಿತ್ತು. ಹುಬ್ಬಳ್ಳಿಯ ಡಾಕ್ಟರು ಆಪರೇಶನ್ ಮಾತಾಡಿದ್ದರಂತೆ. ಸ್ವಲ್ಪ ದೂರ ಹೋದ ಮೇಲೆ ಹೇಳಿದರು: "ಎರಡನೇ ಭಾಗ ಆಗೂದಿಲ್ಲ ಅಂತ ಕಾಣ್ತದೆ ತಮಾ. ಮಕ್ಕಳಿಗೆ ಎಂತ ಹೇಳೂದೋ."

ನಾನು ಗೇರ್ ಬದಲಿಸಿದೆ. ಬದಲಿಸುವ ಅಗತ್ಯವಿರಲಿಲ್ಲ.

"ಅಕ್ಕೋರ, ನನಗೊಂದು ಬೀಳತೈತ್ರಿ. ಆದ್ರ ನಾ ಮಂದೀಗೆ ಹೇಳೂ ಹಂಗಿಲ್ಲ" ಎಂದು ನಮ್ಮವ್ವನ ಪದ್ಧತಿಯನ್ನು ವಿವರಿಸಿದೆ.

ಬೇರೆ ಯಾರಾದರೂ ಆಗಿದ್ದರೆ ಮೂಢನಂಬಿಕೆ ಎಂದು ನಗುತ್ತಿದ್ದರು, ಇಲ್ಲ ಒತ್ತಾಯ ಮಾಡುತ್ತಿದ್ದರು. ಅಕ್ಕೋರು ಕಣ್ಣು ಅರಳಿಸಿ ಕೇಳಿದರು: "ನೀರಿಗೆ ಹೇಳಬಹುದು ಅಲ್ದಾ?"

"ನೀರಿಗೆ ಹೇಳಬಹುದು."

"ಹಾಂಗಾದ್ರೆ ಸಹಸ್ರಲಿಂಗದ ಹತ್ರ ನಿಲ್ಸು. ನೀನು ಶಾಲ್ಮಲೆಗೆ ಹೇಳು. ನಾನು ಕೆಳಗೆ ಕಾಲು ತೊಳೀತಾ ಇರ್ತೆ. ಹೊಳೆ ಎಲ್ಲರದ್ದು. ಕಾಲು ತೊಳೀಬೇಡಿ ಅಂತ ನಿಮ್ಮವ್ವ ಹೇಳಿದ್ಳಾ?"

"ಇಲ್ರಿ, ಅದೇನೂ ಹೇಳಿಲ್ಲ."

"ಅಡ್ಡಿಲ್ಲ ಹಾಂಗಾದ್ರೆ."

ಹೊಳೆಯಲ್ಲಿ ಲಿಂಗ ಕೆತ್ತಿದ ಬಂಡೆಗಳ ನಡುವೆ ನೀರು ಸಣ್ಣಗೆ ಹರಿಯುತ್ತಿತ್ತು. ನಾನೊಂದು ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಅಕ್ಕೋರು ಸೀರೆ ಮೇಲಕ್ಕೆ ಸಿಕ್ಕಿಸಿ, ಹರಿವಿನ ಕೆಳಗೆ, ನನಗೆ ಬೆನ್ನು ಮಾಡಿ ನಿಂತರು. ನಾನು ನೀರಿಗೆ ಹೇಳತೊಡಗಿದೆ.

"ಜೋರಾಗಿ ಹೇಳು ತಮಾ! ನೀರಿಗೆ ಕಿವಿ ಮಂದ!" ಎಂದು ಅಲ್ಲಿಂದಲೇ ಕೂಗಿದರು.

ಜೋರಾಗಿಯೇ ಹೇಳಿದೆ. ಕನಸಿನಲ್ಲಿ ನಾನು ಈಗಿನ ವಯಸ್ಸಿನವನೇ. ಹೆಗಲ ಮೇಲೆ ಅಡ್ಡಲಾಗಿ ಬಿಲ್ಲು. ನಮ್ಮೂರ ಶಾಲೆಯ ಬಾಗಿಲಿಗೆ ಬಂದಿದ್ದೇನೆ. ಒಳಗೆ ಹಾಜರಿ ಕೂಗುತ್ತಿದ್ದಾರೆ. ಒಳಗೆ ಹೋಗಬೇಕೆಂದರೆ ಬಿಲ್ಲು ಚೌಕಟ್ಟಿಗೆ ಬಡಿಯುತ್ತದೆ. ಹಿಂದೆ ಸರಿಯುತ್ತೇನೆ, ಮತ್ತೆ ನುಗ್ಗುತ್ತೇನೆ, ಮತ್ತೆ ಬಡಿಯುತ್ತದೆ. ಅಷ್ಟರಲ್ಲಿ ನನ್ನ ಹೆಸರು ಬರುತ್ತದೆ. ಬಾಯಿ ತೆರೆಯುತ್ತೇನೆ, ದನಿ ಇಲ್ಲ. ಮುಂದಿನವನ ಹೆಸರು ಕೂಗುತ್ತಾರೆ. ಎಚ್ಚರವಾಗುತ್ತದೆ.

ಅಕ್ಕೋರು ಇನ್ನೊಂದು ಕಾಲನ್ನೂ ತೊಳೆದರು. ಆಮೇಲೆ ಅಕ್ಕೋರು ತಿರುಗದೆಯೇ ನೀರಿಗೇ ಕೇಳಿದರು: "ಬಿಲ್ಲನ್ನ ಹೊರಗಿಟ್ಟು ಒಳಗೆ ಹೋಗಲಾಗ್ತಿತ್ತಲ್ಲಾ ಅವನಿಗೆ?"

"ಅದನ್ನ ಹೊರಗಿಟ್ರ ಒಳಗ ಹೋಗಾಂವ ಯಾರ್ರಿ?" ಎಂದೆ. ಆ ಮಾತು ನನ್ನಲ್ಲಿ ಎಲ್ಲಿತ್ತೋ, ನನಗೇ ಆಶ್ಚರ್ಯ.

ಅವರು ಅದನ್ನು ಮೂರು ಸಲ ಹೇಳಿಕೊಂಡರು. ಅಯ್ಯೋ ಪಾಪ ಎನ್ನಲಿಲ್ಲ. ಈಗಲೂ ಕಲಿಯಬಹುದು, ರಾತ್ರಿಶಾಲೆ ಇದೆ ಎನ್ನಲಿಲ್ಲ. ಇಬ್ಬರೂ ತಿರುಗಿ ನೋಡದೆ ರಿಕ್ಷಾಕ್ಕೆ ಬಂದೆವು. ಹತ್ತುವಾಗ ಇಷ್ಟೇ ಹೇಳಿದರು: "ಸಿಕ್ಕಿಬಿದ್ದವನಿಗೆ ಎಲ್ಲರೂ ಕೈಲಿದ್ದದ್ದು ಬಿಡು, ಬಿಟ್ಟು ಬಾ ಅಂತಾರೆ. ನಾನೂ ಹಾಂಗೇ ಬರೀತಾ ಇದ್ದಿದ್ದೆ. ಅದಕ್ಕೇ ಅವ ಬರ್ಲಿಲ್ಲ."

ಆಪರೇಶನ್ನಿಗೆ ಮೊದಲು ಬರೆದು ಮುಗಿಸಿದರು. ಆಪರೇಶನ್ ಆಗಿ ಚೇತರಿಸಿಕೊಂಡರು ಕೂಡ. ಪುಸ್ತಕ ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ನನಗೆ ಕೊಡಲಿಲ್ಲ, ಅಂಗಡಿಯಲ್ಲಿದ್ದ ಮಗಳ ಕೈಗಿತ್ತರು. "ಕೊನೇ ಅಧ್ಯಾಯ ದೊಡ್ಡದಾಗಿ ಓದು ಮಗಾ. ನಿನ್ನ ಅಪ್ಪನಿಗೆ ಕೈತುಂಬ ಕೆಲಸ" ಎಂದು ಸ್ಟೂಲಿನ ಮೇಲೆ ಕೂತರು.

ಮಗಳು ಓದಿದಳು. ಹುಡುಗಿ ಊರವರಿಂದ ಒಂದೊಂದು ಕನಸನ್ನು ಕಡ ಪಡೆದು, ಡ್ರೈವರಿಲ್ಲದ ಲಾರಿ ಹತ್ತಿ, ಕಣ್ಣು ತೆರೆದ ಅನಾನಸಿನ ಗದ್ದೆ ದಾಟಿ ಕೊನೆಯ ಬಾಗಿಲಿಗೆ ಬರುತ್ತಾಳೆ. ಅಣ್ಣ ಅಲ್ಲಿದ್ದಾನೆ, ಹೆಗಲ ಮೇಲೆ ಅಡ್ಡ ಬಿಲ್ಲು. ಚೌಕಟ್ಟು ದಾಟುವುದಿಲ್ಲ. ಅವಳು ಎಳೆಯುವುದಿಲ್ಲ, ಬಿಡು ಎನ್ನುವುದೂ ಇಲ್ಲ. ಕನಸಿನ ಶಾಲೆಯ ಒಳಹೊಕ್ಕು ಹಾಜರಿ ಕೂಗುವವರ ಕಿವಿಯಲ್ಲಿ ಏನೋ ಹೇಳುತ್ತಾಳೆ. ಅವರು ಎದ್ದು, ಕುರ್ಚಿಯನ್ನು ತಾವೇ ಎತ್ತಿಕೊಂಡು ಅಂಗಳಕ್ಕೆ ಬರುತ್ತಾರೆ. ಹಿಂದೆ ಇಡೀ ಶಾಲೆ ಬರುತ್ತದೆ. "ಇವತ್ತಿಂದ ಪಾಠ ಇಲ್ಲೇ" ಎಂದು ಕೂತು, ಬಿಟ್ಟುಹೋದ ಆ ಒಂದು ಹೆಸರನ್ನು ಮತ್ತೆ ಕೂಗುತ್ತಾರೆ. ಅವನು "ಹಾಜರ್" ಎನ್ನುತ್ತಾನೆ. ತನ್ನ ದನಿಗೆ ತಾನೇ ಎಚ್ಚರವಾಗುತ್ತಾನೆ, ಮನೆಯಲ್ಲಿ, ತಂಗಿಯ ಪಕ್ಕ.

ಪುಸ್ತಕ ಮುಚ್ಚಿ, ನನ್ನ ಕೈ ನೋಡಿ ಮಗಳೇ ಹೇಳಿದಳು: "ಅಪ್ಪಾ, ನೀನು ಆಗಿಂದ ಹೊಲೀತಾ ಇದ್ದೆ. ದಬ್ಬಣದಲ್ಲಿ ದಾರನೇ ಇಲ್ಲ."

ಸಂಜೆ, ಹೊಳೆಯ ಸಂಗತಿ ತಿಳಿದಿದ್ದ ಹೆಂಡತಿಯೂ ಆ ಅಧ್ಯಾಯ ಕೇಳಿದಳು. "ನೀರಿಗೆ ಹೇಳಿದ್ದು ಪುಸ್ತಕದಾಗ ಹೆಂಗ ಬಂತ್ರಿ?" ಎಂದು ಸೆರಗಿನಲ್ಲಿ ನಕ್ಕಳು. "ಹೊಳಿಗೂ ಬಾಯಿ ನಿಲ್ಲೂದಿಲ್ಲ ಅನ್ನು" ಎಂದೆ. ಆ ಕನಸು ನನಗೆ ಮತ್ತೆ ಬೀಳಲಿಲ್ಲ. ನಮ್ಮವ್ವನ ಲೆಕ್ಕದಲ್ಲಿ ನೀರು ಒಯ್ದಿತು, ಅಕ್ಕೋರ ಪುಸ್ತಕದ ಲೆಕ್ಕದಲ್ಲಿ ಅದರಿಂದ ಏನನ್ನೋ ಹೊರಗೆ ತಂದದ್ದಾಯಿತು. ಯಾವುದು ಖರೆ ಎಂದು ಇವತ್ತಿಗೂ ಯೋಚಿಸುತ್ತೇನೆ.

ಮರುವರ್ಷ ಒಂದು ಬೆಳಗ್ಗೆ, ನಾನು ಅಂಗಡಿಯ ಬಾಗಿಲು ಎತ್ತುವ ಮೊದಲೇ ಅಕ್ಕೋರು ಬಂದು ಕಟ್ಟೆಯ ಮೇಲೆ ಕೂತಿದ್ದರು. ಮುಖ ಚಿಕ್ಕ ಹುಡುಗಿಯದರಂತೆ ಅರಳಿತ್ತು.

"ಬಿತ್ತು ತಮಾ!"

"ಎಲ್ಲಿ ಬಿದ್ರಿ ಅಕ್ಕೋರ? ಪೆಟ್ಟಾತೇನ್ರಿ?"

"ನಾನಲ್ಲ ಮಾರಾಯಾ! ಕನಸು! ನಿನ್ನ ಗಾದಿಯ ಮೇಲೆ!"

"ಏನ್ ಬಿತ್ರಿ? ಹೇಳ್ರಿ, ಹೇಳ್ರಿ."

ಅವರು ಬೆರಳು ತುಟಿಗಿಟ್ಟುಕೊಂಡರು. "ಒಳ್ಳೇದು ಬಿದ್ರೆ ಹೇಳಬಾರದು ಅಂತ ನಿಮ್ಮನೆ ಪದ್ಧತಿ ಅಲ್ದಾ?" ನಾನು ಅವರ ಹಾಗೆಯೇ ಮುಖದಿಂದ ಕಣ್ಣು ತೆಗೆಯದೆ ನೋಡಿದೆ. ಪ್ರಯೋಜನವಾಗಲಿಲ್ಲ. "ಮೂರನೇ ಭಾಗಕ್ಕೂ ಕೊಡೂದಿಲ್ಲೆ. ಇದು ನಂದು" ಎಂದು ನಗುತ್ತ ಛತ್ರಿ ಎತ್ತಿಕೊಂಡರು.

ಅದೇ ಚಳಿಗಾಲದಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹದಿಮೂರರ ಕಾರ್ಯ ಮುಗಿದ ಮೇಲೆ ಅವರ ಅಕ್ಕನ ಮಗ ಬೂರುಗದ ಗಾದಿಯನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದ. "ಚಿಕ್ಕಿ ಇದ್ರ ಮೇಲೆ ಹೋದದ್ದಲ್ಲ, ಮೈಲಿಗೆ ಇಲ್ಲ. ಬಿಚ್ಚಿ ಹಿಂಜಿ ಮನೆಯವರಿಗೆಲ್ಲ ಒಂದೊಂದು ದಿಂಬು ಮಾಡಿಕೊಡಿ" ಎಂದ. ನಾನು ಹೂಂ ಎಂದೆ. ಕತ್ತರಿ ತೆಗೆದುಕೊಂಡು ಹೊಲಿಗೆಯ ಮೇಲೆ ಇಟ್ಟೆ. ಬಿಚ್ಚುವಾಗ ಅದ್ರೊಳಗಿನ ಕನಸು ಎಲ್ಲಿಗೆ ಹೋಗ್ತದೆ? ಮೊದಲ ದಿನ ಅವರು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಕತ್ತರಿಯನ್ನು ಗೂಟಕ್ಕೆ ಹಾಕಿದೆ. ದಿಂಬುಗಳನ್ನು ನನ್ನ ಬೂರುಗದ ಹತ್ತಿಯಿಂದಲೇ ಮಾಡಿದೆ. ಅಕ್ಕನ ಮಗನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಗಾದಿ ಇಲ್ಲಿರಲೇ ಎಂದು ಕೇಳಿದೆ. ಅವನು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ "ಇರ್ಲಿ ಬಿಡಿ. ನಿಮ್ಮಂಥವ್ರನ್ನೇ ಹುಡುಕ್ತಿದ್ಳು ಅವ್ಳು" ಎಂದ.

ಈಗ ನನ್ನ ಹತ್ತಿರ ಇರುವುದು: ಒಂದು ಅಂಗಡಿ, ಒಂದು ಹಿಂಜುವ ಮಶೀನು, ಲಗೇಜ್ ರಿಕ್ಷಾ ಒಂದು. ಕಾಲೇಜಿಗೆ ಹೋಗುವ ಒಬ್ಬಳು ಮಗಳು. ಗೋಡೆಯ ಮೇಲೆ ಬಿಲ್ಲು ಒಂದು. ಪುಸ್ತಕ ಎರಡು, ಮೂರನೆಯದು ಇಲ್ಲ. ಬಿಚ್ಚದ ಗಾದಿ ಒಂದು.